ಬುಟ್ಟಿಗಳ ಸಾಲು

ದೋಹಾ, 14 ಏಪ್ರಿಲ್ 2006, ಶುಕ್ರವಾರ

ಪ್ರೀತಿಯ ಪೂವಕ್ಕ ಚಿಕ್ಕಮ್ಮನಿಗೆ,

ಪಕ್ಕದ ಮನೆಯ ಜರ್ಟ್ರೂಡ್ ಬಾಯಿ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ, ಒಂದು ಡಬ್ಬ ಖರ್ಜೂರ, ನಿಮ್ಮ ಮೊಣಕಾಲಿಗೆ ಹಚ್ಚುವ ಮುಲಾಮು ಕಳುಹಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿಮಗೆ ಇರುವುದು ಅಂಗಡಿಯ ಫೋನು. ನಾನು ಇಲ್ಲಿ ಸಿಟ್ಟಿನಲ್ಲಿ ಎರಡು ಮಾತು ಆಡಿದರೆ ಅದು ಮುಂಡ್ಕೂರು ಪೇಟೆಗೆಲ್ಲ ಹಂಚಿಹೋಗುತ್ತದೆ. ಇವತ್ತು ನನಗೆ ಎರಡಲ್ಲ, ಇಪ್ಪತ್ತು ಮಾತಿನ ಸಿಟ್ಟು ಬಂದಿದೆ.

ವಿಷಯ ಇಷ್ಟು. ನಾನು ಕೌಂಟರಿನಲ್ಲಿ ಕೂರುವ ಕ್ಲಿನಿಕ್ಕಿನ ಮಾಲೀಕರು ಶುಕ್ರವಾರದ ರಜೆಯಲ್ಲಿ ಕ್ಲಿನಿಕ್ಕನ್ನು ನಮ್ಮ ಕನ್ನಡಿಗರ ಸಂಘಕ್ಕೆ ಬಿಟ್ಟುಕೊಡಲು ಒಪ್ಪಿದ್ದಾರೆ. ಕೈಯಲ್ಲಿ ಕಾಸಿಲ್ಲದವರಿಗೆ ಪುಕ್ಕಟೆ ಚಿಕಿತ್ಸೆ. ಮಂಗಳೂರಿನ ಡಾಕ್ಟರ್ ಯೂಜಿನ್ ಸಂಬಳವಿಲ್ಲದೆ ಬಂದು ಕೂರುತ್ತಾರೆ. ಒಂದು ಶುಕ್ರವಾರಕ್ಕೆ ಮೂವತ್ತು ಜನ, ಅದಕ್ಕಿಂತ ಹೆಚ್ಚು ನೋಡಿದರೆ ಅದು ನೋಡಿದಂತಲ್ಲ ಎಂದು ಅವರ ಹಟ. ಆ ಮೂವತ್ತು ಜನ ಯಾರು ಎಂದು ತೀರ್ಮಾನಿಸುವ ಹೊಣೆ ನನ್ನ ತಲೆಗೆ ಬಂದಿದೆ. ಸರ್ಕಾರಿ ಆಸ್ಪತ್ರೆ ಇಲ್ಲವೇ ಎಂದು ಕೇಳುತ್ತೀರಿ. ಉಂಟು, ಚೆನ್ನಾಗಿಯೂ ಉಂಟು. ಆದರೆ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿರುವ ಕೂಲಿಯವನಿಗೆ ಅಲ್ಲಿಗೆ ಹೋಗಲು ರಜೆ ಬೇಕು, ಗಾಡಿ ಬೇಕು, ಫೋರ್‌ಮನ್ನಿನ ಒಳ್ಳೆಯ ಮನಸ್ಸು ಬೇಕು. ಮೂರೂ ಒಂದೇ ದಿನ ಸಿಗುವುದಿಲ್ಲ.

ಇವತ್ತು ಮೊದಲ ಶುಕ್ರವಾರ. ಎಂಟಕ್ಕೆ ಬಾಗಿಲು ತೆಗೆದರೆ ಹೊರಗೆ ಸಾಲು ಸಾಲು ಕಾರು! ಅಲ್ ವಕ್ರಾದಿಂದ, ಉಮ್ಮ್ ಸಲಾಲ್‌ನಿಂದ ಸಂಸಾರ ಸಮೇತ ಬಂದಿದ್ದರು. ಒಬ್ಬರಿಗೆ ಸೊಂಟ ಹಿಡಿದಿದೆ, ಒಬ್ಬರಿಗೆ ಸುಮ್ಮನೆ ಶುಗರ್ ನೋಡಿಸಬೇಕಾಗಿದೆ, ಒಬ್ಬರಿಗೆ ಮಗಳ ತಲೆಗೂದಲು ಉದುರುವ ಚಿಂತೆ. ಒಂಬತ್ತಕ್ಕೆಲ್ಲ ಮೂವತ್ತು ಭರ್ತಿ. ಕ್ಯಾಂಪಿನ ಬಸ್ಸುಗಳು ಪಟ್ಟಣಕ್ಕೆ ಬರುವುದೇ ಮಧ್ಯಾಹ್ನದ ನಮಾಜಿನ ನಂತರ. ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದರು.

ನಾನು ಕೂಗಾಡಿದೆ. ಖಜಾಂಚಿ ಮುನಿಯಪ್ಪನವರು, ಬೆಂಗಳೂರಿನವರು, ಇಲ್ಲಿ ದೊಡ್ಡ ಆಫೀಸಿನಲ್ಲಿದ್ದಾರೆ, ಚಹಾ ಕುಡಿಯುತ್ತ ಹೇಳಿದರು: "ಯಾರು ಮೊದ್ಲು ಬರ್ತಾರೋ ಅವರಿಗೆ ಮೊದ್ಲು. ಇದಕ್ಕಿಂತ ನ್ಯಾಯ ಇನ್ನೇನಿದೆಯಮ್ಮಾ?"

ಕಾರಿದ್ದವನಿಗೂ ಇಲ್ಲದವನಿಗೂ ಒಂದೇ ಗಂಟೆ ಹೊಡೆದರೆ ಅದು ನ್ಯಾಯವೇ ಚಿಕ್ಕಮ್ಮಾ? ಈ ಸಾಲನ್ನು ನಾನು ಸರಿಮಾಡದೆ ಬಿಡುವವಳಲ್ಲ. ನಿಮ್ಮ ಬೀಡಿ ಬ್ರಾಂಚಿನಲ್ಲಿ, ಸುತ್ತಿದ ಬೀಡಿ ಕೊಡಲು ಬಂದ ಅಷ್ಟೊಂದು ಹೆಂಗಸರು ಜಗಳವಿಲ್ಲದೆ ಹೇಗೆ ನಿಲ್ಲುತ್ತೀರಿ? ನಾನು ಚಿಕ್ಕವಳಿದ್ದಾಗ ನೋಡಿದ್ದು ಮರೆತುಹೋಗಿದೆ. ಬರೆಯಿರಿ.

ನಿಮ್ಮ,
ಜ್ಯೋತ್ಸ್ನಾ


ಮುಂಡ್ಕೂರು, 6 ಮೇ 2006

ಚಿರಂಜೀವಿ ಜ್ಯೋತ್ಸ್ನಾಳಿಗೆ ಚಿಕ್ಕಮ್ಮನ ಆಶೀರ್ವಾದ.

ಇಲ್ಲಿ ನಾವು ಕ್ಷೇಮ. ಖರ್ಜೂರ ಮುಟ್ಟಿತು, ಮುಲಾಮು ಮುಟ್ಟಿತು, ನಿನ್ನ ಸಿಟ್ಟೂ ಮುಟ್ಟಿತು. ತುಳುವಿನಲ್ಲಾದರೆ ನಾನು ನಿನಗೆ ಚೆನ್ನಾಗಿ ಬೈಯಬಲ್ಲೆ. ಕಾಗದಕ್ಕೆ ಕೂತರೆ ಶಾಲೆಯಲ್ಲಿ ಕಲಿತ ಕನ್ನಡ ಬರುತ್ತದೆ, ಅದರಲ್ಲಿ ಬೈಗುಳ ಸರಿಯಾಗಿ ಕೂರುವುದಿಲ್ಲ.

ಬ್ರಾಂಚಿನಲ್ಲಿ ಜಗಳ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ಬೇಕಾದಷ್ಟು ಉಂಟು. ಆದರೆ ಸಾಲಿಗೆ ಜಗಳ ಇಲ್ಲ. ಅಲ್ಲಿ ನಿಲ್ಲುವುದು ಹೆಂಗಸರಲ್ಲ, ಬುಟ್ಟಿಗಳು. ಗುಡ್ಡೆಯ ಆಚೆಯವರು, ಬಾಣಂತಿಯರು, ಮನೆಯಲ್ಲಿ ಮಲಗಿದ ಅತ್ತೆ ಇರುವವರು ಬೀಡಿಯ ಬುಟ್ಟಿಯನ್ನು ಬೆಳಿಗ್ಗೆ ಬರುವ ನೆರೆಯವಳ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ. ಬುಟ್ಟಿ ಸಾಲಿನಲ್ಲಿ ಕೂತಿತು ಅಂದರೆ ಅವಳು ಕೂತಂತೆ. ಮಧ್ಯಾಹ್ನ ನಿಧಾನ ಬಂದರೂ ಅವಳ ಜಾಗ ಅವಳದ್ದೇ. ಬುಟ್ಟಿಯನ್ನು ಹಿಂದೆ ಸರಿಸಿದವಳ ಹತ್ತಿರ ಒಂದು ತಿಂಗಳು ಯಾರೂ ಮಾತಾಡುವುದಿಲ್ಲ.

ಈಗ ನನ್ನ ವಿಷಯ. ಅಲ್ಲಿ ಕ್ಯಾಂಪಿನಲ್ಲಿರುವ ನನ್ನ ಮಗ ಸುಶಾಂತ್ ಹೋದ ವಾರ ಫೋನಿನಲ್ಲಿ, ಹೊಸ ಬೂಟು ಕಾಲಿಗೆ ತಾಗಿ ಸ್ವಲ್ಪ ಗಾಯ ಆಗಿದೆ ಅಂದ. ಅವನ ಅಪ್ಪನಿಗೂ ಚಪ್ಪಲಿ ತಾಗಿದ್ದೇ. ಸಕ್ಕರೆ ಕಾಯಿಲೆ ಅಂತ ಗೊತ್ತಾಗುವಾಗ ಕಾಲು ಹೋಗಿತ್ತು, ಕಾಲು ಹೋದ ವರ್ಷದಲ್ಲೇ ಅವರೂ ಹೋದರು. ಸುಶಾಂತನಿಗೂ ಸಕ್ಕರೆ ಉಂಟೋ ಇಲ್ಲವೋ ನನಗೆ ತಿಳಿಯದು, ಕೇಳಿದರೆ ನಗುತ್ತಾನೆ. ನೀನು ಅವನಿಗೆ ಅಕ್ಕ. ಆ ಮೂವತ್ತು ಜನರಲ್ಲಿ ಅವನ ಹೆಸರನ್ನು ಮೊದಲು ಬರೆ. ನಾನು ನಿನ್ನ ಹತ್ತಿರ ಇದುವರೆಗೆ ಏನೂ ಕೇಳಿದವಳಲ್ಲ.

ನಿನ್ನ ಚಿಕ್ಕಮ್ಮ
ಪೂವಕ್ಕ


ದೋಹಾ, 2 ಜೂನ್ 2006

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಬುಟ್ಟಿಗಳು ಸಮುದ್ರ ದಾಟಿ ಕತಾರಿಗೆ ಬಂದಿವೆ! ಸಂಘದ ಸಭೆಯಲ್ಲಿ ನಾನು ಬೀಡಿ ಬ್ರಾಂಚಿನ ಕಥೆ ಹೇಳಿದಾಗ ಮೊದಲು ನಕ್ಕರು. ಆಮೇಲೆ ದೇಜಪ್ಪಣ್ಣ ಮೇಜು ಗುದ್ದಿ, "ಎಂತ ನಗುವುದು ಮಾರಾಯ್ರೆ? ನನ್ನ ಅಮ್ಮನೂ ಬುಟ್ಟಿ ಕಳ್ಸಿದವಳೇ. ಇದು ಆಗ್ತದೆ," ಅಂದರು. ದೇಜಪ್ಪಣ್ಣ ನೆನಪಿದ್ದಾರಲ್ಲ, ಬೆಳ್ಮಣ್ಣಿನವರು, ಸೂಕ್ ವಾಕಿಫ್ ಹಿಂದಿನ ಗಲ್ಲಿಯಲ್ಲಿ ಕುಚ್ಚಲಕ್ಕಿ ಊಟದ ಹೋಟೆಲು ಇಟ್ಟವರು. ಅವರು ಗುದ್ದಿದ ಮೇಲೆ ಉಳಿದವರು ಒಪ್ಪಲೇಬೇಕಾಯಿತು.

ಈಗ ಕ್ಲಿನಿಕ್ಕು ತೆರೆಯುವುದು ಮಧ್ಯಾಹ್ನ ಎರಡಕ್ಕೆ. ಕಾಯಿಲೆಯವನು ಬೆಳಿಗ್ಗೆಯಿಂದ ನಿಲ್ಲಬೇಕಾಗಿಲ್ಲ. ಇಲ್ಲಿನ ಗುರುತಿನ ಕಾರ್ಡಿಗೆ ಬತಾಕ ಅನ್ನುತ್ತೇವೆ. ಅದರ ಜೆರಾಕ್ಸನ್ನು ಯಾರ ಕೈಯಲ್ಲಾದರೂ ಕಳುಹಿಸಿ ದೇಜಪ್ಪಣ್ಣನ ಹೋಟೆಲಿನ ಗಲ್ಲಾದಲ್ಲಿರುವ ಬಿಸ್ಕತ್ತಿನ ಡಬ್ಬಕ್ಕೆ ಹಾಕಿಸಿದರೆ ಸಾಕು. ವಾರವಿಡೀ ಬಂದ ಚೀಟಿಗಳು ಬಂದ ಕ್ರಮದಲ್ಲೇ ಸಾಲು ನಿಲ್ಲುತ್ತವೆ. ಇವತ್ತು ಬಂದವರೆಲ್ಲ ಕ್ಯಾಂಪಿನವರು. ಒಂದು ಕಾರೂ ಇರಲಿಲ್ಲ. ಸಂತೋಷದಿಂದ ನನಗೆ ಊಟ ಸೇರಲಿಲ್ಲ.

ಸುಶಾಂತನಿಗೆ ಫೋನ್ ಮಾಡಿದ್ದೆ. "ಎಂತ ಇಲ್ಲ ಅಕ್ಕ, ಬೂಟಿನ ಗಾಯ, ಒಣಗ್ತಾ ಉಂಟು," ಅಂದ. ಆರಾಮಾಗಿದ್ದಾನೆ, ನೀವು ಚಿಂತೆ ಮಾಡಬೇಡಿ. ಅವನ ಹೆಸರನ್ನು ನಾನು ಮೊದಲು ಬರೆಯಲಿಲ್ಲ ಚಿಕ್ಕಮ್ಮ. ಚೀಟಿ ಹಾಕು, ಸಾಲಿನಲ್ಲಿ ಬಾ ಅಂದೆ. ಮಾಡಿದ ನಿಯಮವನ್ನು ನನ್ನ ತಮ್ಮನಿಗಾಗಿ ನಾನೇ ಮುರಿದರೆ ನಾಳೆ ಮುನಿಯಪ್ಪನವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನೀವು ಅರ್ಥ ಮಾಡಿಕೊಳ್ಳುತ್ತೀರಿ ಎಂದು ನಂಬಿದ್ದೇನೆ.

ನಿಮ್ಮ,
ಜ್ಯೋತ್ಸ್ನಾ


ಮುಂಡ್ಕೂರು, 25 ಜೂನ್ 2006

ಜ್ಯೋತ್ಸ್ನಾಳಿಗೆ,

ನಿನ್ನ ಪತ್ರ ತಲುಪಿ ವಿಷಯ ತಿಳಿಯಿತು. ಮಳೆ ಹಿಡಿದಿದೆ, ಎಲೆ ತಂಪಾಗಿ ಬೀಡಿ ಸುತ್ತಲು ಆಗುವುದಿಲ್ಲ, ಅದಕ್ಕೇ ಬರೆಯಲು ಸಮಯ ಸಿಕ್ಕಿತು.

ಅವನು ಆರಾಮಾಗಿದ್ದಾನೆ ಅಂತ ಬರೆದಿದ್ದೀ. ಕಣ್ಣಿನಿಂದ ನೋಡಿ ಬರೆದದ್ದಾ, ಕಿವಿಯಿಂದ ಕೇಳಿ ಬರೆದದ್ದಾ? ಅವನ ಅಪ್ಪನೂ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ದಿನದವರೆಗೆ ಎಂತ ಇಲ್ಲ ಅಂತಲೇ ಹೇಳಿದ್ದರು. ಈ ಮನೆಯ ಗಂಡಸರು ಹಾಗೆಯೇ. ನಿನಗೆ ಗೊತ್ತಿಲ್ಲದ್ದಲ್ಲ.

ಹೆಸರು ಮೊದಲು ಬರೆಯದಿದ್ದರೆ ಬೇಡ. ನಿನಗೆ ನಿನ್ನ ಸಾಲು ದೊಡ್ಡದು. ಆಗಲಿ.

ಪೂವಕ್ಕ


ದೋಹಾ, 14 ಜುಲೈ 2006

ಚಿಕ್ಕಮ್ಮ,

ನಿಮಗೆ ನನ್ನ ಮೇಲೆ ಬೇಸರವಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇವತ್ತು ನಾನು ಮಾಡಿದ ಕೆಲಸವನ್ನು ಇಲ್ಲಿ ಯಾರ ಹತ್ತಿರವೂ ಹೇಳಲು ಬಾಯಿ ಬರುತ್ತಿಲ್ಲ.

ಕ್ಲಿನಿಕ್ಕಿನ ಬಾಗಿಲಿಗೆ ನೇಪಾಳದ ಒಬ್ಬ ಕಾವಲುಗಾರ ಬಂದ. ಮೆಟ್ಟಿಲು ಹತ್ತಲೂ ಉಸಿರಿಲ್ಲ, ತುಟಿ ನೀಲಿ. ಚೀಟಿ ಹಾಕಿದ್ದೀಯಾ ಎಂದು ಹಿಂದಿಯಲ್ಲಿ ಕೇಳಿದೆ. ಯಾವ ಚೀಟಿ, ಎಲ್ಲಿ ಹಾಕುವುದು ಎಂದು ಅವನಿಗೆ ಗೊತ್ತೇ ಇಲ್ಲ. ಸಾಲು ಭರ್ತಿಯಾಗಿದೆ, ಮುಂದಿನ ವಾರ ಬಾ ಅಂದೆ. ನಾನೇ ಅಂದೆ! ಅಷ್ಟರಲ್ಲಿ ಡಾಕ್ಟರ್ ಯೂಜಿನ್ ಹೊರಗೆ ಬಂದು ಅವನನ್ನು ನೋಡಿದವರೇ, "ಜ್ಯೋತ್ಸ್ನಾ, ನಿಮಗೆ ತಲೆ ಸರಿ ಉಂಟಾ? ಖಲಾಸ್ ಆಗ್ತಾನೆ ಇವ!" ಎಂದು ಕೂಗಿ ತಮ್ಮ ಕಾರಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಬದುಕಿದ.

ಆಮೇಲೆ ಕೂತು ಎಲ್ಲ ಚೀಟಿಗಳನ್ನೂ ಹರಡಿ ನೋಡಿದೆ. ಮೂಡಬಿದ್ರೆ, ಕಾರ್ಕಳ, ಕಾಪು, ಪಡುಬಿದ್ರಿ. ಎಲ್ಲ ನಮ್ಮವರೇ. ಒಬ್ಬ ನೇಪಾಳಿ ಇಲ್ಲ, ಒಬ್ಬ ಬಿಹಾರಿ ಇಲ್ಲ, ಆಂಧ್ರದವನಿಲ್ಲ, ರಾಯಚೂರು ಕಡೆಯವನೂ ಇಲ್ಲ. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು ತಿನ್ನಲು ಬರುವವರಿಗೆ ಮಾತ್ರ ಡಬ್ಬ ಕಾಣುತ್ತದಲ್ಲ! ಮುಂಡ್ಕೂರಿನಲ್ಲಿ ಎಲ್ಲರಿಗೂ ಬ್ರಾಂಚು ಒಂದೇ. ಇಲ್ಲಿ ನಾನು ಎಲ್ಲರ ಸಾಲನ್ನು ನಮ್ಮವರ ಜಗಲಿಯಲ್ಲಿ ಇಟ್ಟುಬಿಟ್ಟೆ, ಮತ್ತು ಆರು ವಾರ ಅದನ್ನೇ ನ್ಯಾಯ ಎಂದುಕೊಂಡು ಹಿಗ್ಗಿದೆ.

ದೇಜಪ್ಪಣ್ಣನ ಮೇಲೂ ರೇಗಿದೆ. ಅವರು ಬೇಕಾದ ಕೆಲವರ ಚೀಟಿ ಮೇಲಕ್ಕೆ ಇಡುತ್ತಿದ್ದರು. ಹೋದ ವಾರವೇ ನೋಡಿದ್ದೆ, ತೆಗೆದು ಕೆಳಗೆ ಹಾಕಿದ್ದೆ. "ನಮ್ಮ ಮಕ್ಕಳನ್ನು ನಾವು ನೋಡದೆ ಮತ್ತೆ ಯಾರು ನೋಡ್ಬೇಕು?" ಎಂದು ಅವರು ಕೇಳಿದರು.

ಸಾಲನ್ನು ಮತ್ತೆ ಕಿತ್ತು ಕಟ್ಟುತ್ತೇನೆ. ಹೇಗೆಂದು ಇನ್ನೂ ತಿಳಿಯದು, ಆದರೆ ಬಿಡುವುದಿಲ್ಲ.

ಜ್ಯೋತ್ಸ್ನಾ


ಮುಂಡ್ಕೂರು, 3 ಆಗಸ್ಟ್ 2006

ಜ್ಯೋತ್ಸ್ನಾ,

ದೇಜಪ್ಪಣ್ಣನ ತಂಗಿಯ ಮಗ ಊರಿಗೆ ಬಂದಿದ್ದಾನೆ. ನಿನ್ನ ಪತ್ರ ಬರುವ ಮೊದಲು ಅವನು ಬಂದ. ದೇಜಪ್ಪಣ್ಣ ಮೇಲೆ ಇಟ್ಟ, ನೀನು ತೆಗೆದು ಕೆಳಗೆ ಹಾಕಿದ ಚೀಟಿಗಳಲ್ಲಿ ಒಂದು ಸುಶಾಂತನದ್ದು. ಅದು ನಿನ್ನ ಪತ್ರದಲ್ಲಿಲ್ಲ. "ಕೆಲವರ ಚೀಟಿ" ಅಂತ ಬರೆದಿದ್ದೀ. ನನ್ನ ಮಗ ನಿನಗೆ ಕೆಲವರಾದನಾ?

ಅವನು ಆ ಶುಕ್ರವಾರ ಕ್ಲಿನಿಕ್ಕಿಗೆ ಕುಂಟಿಕೊಂಡು ಬಂದು, ಹೆಸರಿಲ್ಲ ಅಂತ ಗೊತ್ತಾಗಿ ಕುಂಟಿಕೊಂಡೇ ಹೋದನಂತೆ. ನೀನು ಒಳಗಿದ್ದೆಯಂತೆ.

ಈಗ ಎರಡು ವಾರದಿಂದ ಅವನ ಫೋನಿಲ್ಲ. ನಿನ್ನ ಹತ್ತಿರ ನಾನು ಕೇಳುವುದಿಲ್ಲ. ನೀನೂ ಇನ್ನು ಬರೆಯಬೇಡ.

ಪೂವಕ್ಕ


ದೋಹಾ, 18 ಆಗಸ್ಟ್ 2006

ಚಿಕ್ಕಮ್ಮ,

ಬರೆಯಬೇಡ ಅಂದಿರಿ. ಬರೆಯದೆ ಇರಲು ಆಗುವುದಿಲ್ಲ. ಸುಶಾಂತನ ಫೋನು ನಿಮಗೆ ಬಂದಿರುತ್ತದೆ, ಆದರೆ ಅವನು ಪೂರ್ತಿ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಅವನ ಬಲಗಾಲಿನ ಹೆಬ್ಬೆರಳನ್ನು ತೆಗೆದಿದ್ದಾರೆ. ಕಾಲು ಉಳಿದಿದೆ. ಜೀವಕ್ಕೆ ಅಪಾಯವಿಲ್ಲ. ಸಕ್ಕರೆ ಕಾಯಿಲೆ ಅವನಿಗೆ ನಾಲ್ಕು ವರ್ಷದಿಂದಲೂ ಇತ್ತಂತೆ. ಕಂಪೆನಿಗೆ ಗೊತ್ತಾದರೆ ಊರಿಗೆ ಕಳುಹಿಸುತ್ತಾರೆ ಎಂದು ಹೆದರಿ ಬಚ್ಚಿಟ್ಟಿದ್ದ, ಮಾತ್ರೆಯನ್ನು ಮನಸ್ಸು ಬಂದಾಗ ನುಂಗುತ್ತಿದ್ದ. ಮೈಮೇಲೆ ಬಿಸಿಲು, ಕಾಲಿಗೆ ಬೆರಳಿನ ಕಡೆ ಕಬ್ಬಿಣವಿರುವ ಬೂಟು, ಇಲ್ಲಿ ನಡೆಯುವ ಏಷ್ಯನ್ ಗೇಮ್ಸಿನ ಕಟ್ಟಡ ಮುಗಿಸಬೇಕೆಂದು ಶುಕ್ರವಾರವೂ ಓವರ್‌ಟೈಮ್.

ಅವನು ಸಿಕ್ಕಿದ್ದು ಹೇಗೆ ಎಂದರೆ, ಹೊಸ ಪದ್ಧತಿಯಿಂದ. ಆ ನೇಪಾಳಿಯ ನಂತರ ಡಬ್ಬ ತೆಗೆದುಹಾಕಿದೆವು. ಈಗ ಗುರುವಾರ ಸಂಜೆ ನರ್ಸ್ ಅಪೊಲೋನಿಯಾ ಸಿಸ್ಟರೂ ನಾನೂ ನಮ್ಮ ಯಜಮಾನರ ಪಿಕಪ್ಪಿನಲ್ಲಿ ಕ್ಯಾಂಪಿಗೇ ಹೋಗುತ್ತೇವೆ. ಪ್ರತಿ ವಾರ ಬೇರೆ ಕ್ಯಾಂಪು. ಯಾವ ಊರು, ಯಾವ ಭಾಷೆ ಕೇಳುವುದಿಲ್ಲ. ಸಿಸ್ಟರ್ ಎಲ್ಲರಿಗೂ ಬೂಟು ಬಿಚ್ಚಲು ಹೇಳುತ್ತಾರೆ, ಉಸಿರು ನೋಡುತ್ತಾರೆ, ಕಣ್ಣು ನೋಡುತ್ತಾರೆ. ಯಾರಿಗೆ ಕಾಯಲು ಆಗುವುದಿಲ್ಲವೋ ಅವರು ಮೊದಲು. ಮೊದಲನೆಯ ಗುರುವಾರ ಹೋದದ್ದು ಸುಶಾಂತನ ಕ್ಯಾಂಪಿಗೆ. ಅವನು ಮಂಚದ ಹಿಂದೆ ಹೋಗಿ ಕೂತಿದ್ದ. "ನಂಗೆಂತ ಇಲ್ಲ ಸಿಸ್ಟರ್," ಅಂದ. "ಇಲ್ಲದಿದ್ರೆ ತೋರ್ಸ್ಲಿಕ್ಕೆ ಎಂತ ಕಷ್ಟ? ಬಿಚ್ಚು ಮಗಾ," ಅಂದರು ಸಿಸ್ಟರ್. ಬೆರಳು ಕಪ್ಪಾಗಿತ್ತು. ಅಲ್ಲಿಂದಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಒಂದು ಗಳಿಗೆಯೂ ತಡಮಾಡಲಿಲ್ಲ.

ಆ ಚೀಟಿಯನ್ನು ನಾನು ಕೆಳಗೆ ಹಾಕದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಡಾಕ್ಟರ್ ಯೂಜಿನ್‌ರನ್ನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಅಂದರು. ಉಳಿಯುತ್ತಿತ್ತು ಎಂದೇ ನಾನು ತಿಳಿದುಕೊಂಡಿದ್ದೇನೆ. ಚೀಟಿ ಅವನದ್ದೆಂದು ನಿಮಗೆ ಬರೆಯದೆ ಇದ್ದದ್ದು ಹೆದರಿಕೆಯಿಂದ. ಅವನು ಆರಾಮಾಗಿದ್ದಾನೆ ಎಂದು ನೋಡದೆ ಬರೆದದ್ದು ಸೊಕ್ಕಿನಿಂದ. ಕ್ಷಮಿಸಿ ಎಂದು ಕೇಳಲು ನನಗೆ ನಾಚಿಕೆಯಾಗುತ್ತದೆ.

ಆದರೆ ಒಂದು ಮಾತು ಹೇಳಿಯೇ ಹೇಳುತ್ತೇನೆ. ನನ್ನ ತಮ್ಮ ಎಂದು ಅವನನ್ನು ಮೊದಲು ಕರೆಯುವುದು ಅವತ್ತೂ ತಪ್ಪು, ಇವತ್ತೂ ತಪ್ಪು. ಆ ಕಾಲನ್ನು ನೋಡಿದ್ದರೆ ಅವನು ಯಾರ ತಮ್ಮನಾಗಿದ್ದರೂ ಮೊದಲನೆಯವನೇ ಆಗುತ್ತಿದ್ದ. ನಾನು ಕಾಲು ನೋಡದೆ ಚೀಟಿ ನೋಡಿದೆ. ಇನ್ನು ಹಾಗಾಗಲು ಬಿಡುವುದಿಲ್ಲ.

ಅವನು ಈಗ ನಮ್ಮ ಮನೆಯಲ್ಲೇ ಇದ್ದಾನೆ. ಕಂಪೆನಿಯವರು ಗೋದಾಮಿನಲ್ಲಿ ಕೂತು ಮಾಡುವ ಕೆಲಸ ಕೊಡಲು ಒಪ್ಪಿದ್ದಾರೆ. ಗಾಯಕ್ಕೆ ದಿನಾ ನಾನೇ ಪಟ್ಟಿ ಕಟ್ಟುತ್ತೇನೆ.

ಜ್ಯೋತ್ಸ್ನಾ


ದೋಹಾ, 6 ಅಕ್ಟೋಬರ್ 2006

ಚಿಕ್ಕಮ್ಮ,

ನಿಮ್ಮ ಉತ್ತರವಿಲ್ಲ. ಬರುತ್ತದೆಂದು ಕಾಯುವುದನ್ನೂ ಬಿಟ್ಟಿದ್ದೇನೆ. ಸುಶಾಂತನ ಗಾಯ ಮಾಯುತ್ತಿದೆ. ಇದು ನಾನು ಕಣ್ಣಿನಿಂದ ನೋಡಿ ಬರೆದದ್ದು.

ರಂಜಾನ್ ನಡೆಯುತ್ತಿದೆ. ಹಬ್ಬ ಮುಗಿದ ಮೇಲೆ ಸಂಘದ ಸಭೆ. ಮುನಿಯಪ್ಪನವರು ಒಂದು ಠರಾವು ತರುತ್ತಿದ್ದಾರೆ: ಇನ್ನು ಮುಂದೆ ಶುಕ್ರವಾರದ ಕ್ಲಿನಿಕ್ಕು ಚಂದಾ ಕೊಟ್ಟ ಸದಸ್ಯರಿಗೆ ಮತ್ತು ಅವರ ಕುಟುಂಬದವರಿಗೆ ಮಾತ್ರ. "ನಮ್ಮ ದುಡ್ಡಲ್ಲಿ ಔಷಧಿ ತರೋದು, ನೇಪಾಳದವ್ರಿಗೆ ಕೊಡೋದು, ನಮ್ ಮನೆಯವ್ರಿಗೆ ಜಾಗ ಇಲ್ಲ. ಇದ್ಯಾವ ಊರ ನ್ಯಾಯ ರೀ?" ಎಂದು ಎಲ್ಲರಿಗೂ ಫೋನ್ ಮಾಡುತ್ತಿದ್ದಾರೆ. ಅವರು ಕೆಟ್ಟವರಲ್ಲ. ಚಂದಾ ಕೊಟ್ಟವರ ಮಾತಿಗೆ ಬೆಲೆಯಿಲ್ಲವೇ ಎಂಬ ಪ್ರಶ್ನೆಯೂ ಸುಳ್ಳಲ್ಲ. ಆದರೆ ಅವರು ಗೆದ್ದರೆ ಪಿಕಪ್ಪು ಕ್ಯಾಂಪಿಗೆ ಹೋಗುವುದಿಲ್ಲ, ಸಿಸ್ಟರ್ ಯಾರ ಬೂಟನ್ನೂ ಬಿಚ್ಚಿಸುವುದಿಲ್ಲ. ದೇಜಪ್ಪಣ್ಣ ಎರಡೂ ಕಡೆ ತಲೆಯಾಡಿಸುತ್ತಿದ್ದಾರೆ. ಅವರು ಹೋದ ಕಡೆ ಅರ್ಧ ಸಭೆ ಹೋಗುತ್ತದೆ.

ನಾನು ಸೋಲಬಹುದು. ಸೋತರೂ ನಿಂತೇ ಸೋಲುತ್ತೇನೆ. ನಿಮಗೆ ತಿಳಿದಿರಲಿ ಎಂದು ಬರೆದೆ, ಅಷ್ಟೇ.

ಜ್ಯೋತ್ಸ್ನಾ


ಮುಂಡ್ಕೂರು, 19 ಅಕ್ಟೋಬರ್ 2006

ಜ್ಯೋತ್ಸ್ನಾ,

ನನ್ನ ಸಿಟ್ಟು ಹೋಗಿದೆ ಅಂತ ತಿಳಿಯಬೇಡ. ಹೋಗಲಿಕ್ಕೆ ಇನ್ನೂ ಸಮಯ ಬೇಕು. ದಿನಾ ಪಟ್ಟಿ ಕಟ್ಟುತ್ತೀ ಅಂತ ಸುಶಾಂತನೂ ಹೇಳಿದ. ಕಟ್ಟು.

ಜೊತೆಗಿರುವ ಕಾಗದ ನಿನಗಲ್ಲ, ಸಂಘಕ್ಕೆ. ಸಭೆಯಲ್ಲಿ ಗಟ್ಟಿಯಾಗಿ ಓದಿಸು. ನೀನು ಓದಬೇಡ. ದೇಜಪ್ಪಣ್ಣ ಓದಲಿ.

ಪೂವಕ್ಕ


ಸಂಘದ ಎಲ್ಲರಿಗೂ,

ಸುಶಾಂತನ ತಾಯಿ ಪೂವಕ್ಕ ಬರೆಯುವುದು. ನಾನು ನಿಮ್ಮ ದೋಹಾ ಕಂಡವಳಲ್ಲ. ಬೀಡಿ ಸುತ್ತಿ ಮಗನನ್ನು ದೊಡ್ಡ ಮಾಡಿ ಅಲ್ಲಿಗೆ ಕಳುಹಿಸಿದವಳು.

ದೇಜಪ್ಪಣ್ಣ, ಓದುವುದನ್ನು ಇಲ್ಲಿ ನಿಲ್ಲಿಸಬೇಡಿ. ನೀವು ನನ್ನ ಮಗನ ಚೀಟಿಯನ್ನು ಮೇಲೆ ಇಟ್ಟಿರಿ, ಅದು ನಿಮ್ಮ ಪ್ರೀತಿ. ಜ್ಯೋತ್ಸ್ನಾ ಅದನ್ನು ಕೆಳಗೆ ಹಾಕಿದಳು, ಅದು ಅವಳ ನ್ಯಾಯ. ನಿಮ್ಮಿಬ್ಬರಲ್ಲಿ ಒಬ್ಬರೂ ಅವನ ಬೂಟು ಬಿಚ್ಚಿಸಿ ನೋಡಲಿಲ್ಲ. ಅವನ ಹೆಸರನ್ನು ಮೊದಲು ಬರೆಯಿರಿ ಅಂತ ನಾನೂ ಕೇಳಿದ್ದೆ. ಬೇರೆ ಯಾರ ಮಗನ ಕಾಲು ಹೇಗಿದೆ ಅಂತ ನಾನು ಕೇಳಲಿಲ್ಲ. ಉಸಿರು ಕಟ್ಟಿದ ಆ ನೇಪಾಳದವನಿಗೂ ಊರಿನಲ್ಲಿ ಒಬ್ಬಳು ತಾಯಿ ಇರಬಹುದು, ಅವಳಿಗೆ ಕ್ಲಿನಿಕ್ಕಿನಲ್ಲಿ ಕೂರುವ ಅಕ್ಕನ ಮಗಳು ಇಲ್ಲ.

ಈಗ ಸಿಸ್ಟರ್ ಒಬ್ಬರು ಎಲ್ಲರ ಬೂಟು ಬಿಚ್ಚಿಸಿ ನೋಡುತ್ತಾರಂತೆ. ಹಾಗೆ ನೋಡಿದ್ದಕ್ಕೇ ನನ್ನ ಮಗನ ಕಾಲು ಉಳಿಯಿತು. ಅದನ್ನು ನಿಲ್ಲಿಸಬೇಕು ಅಂತ ನಿಮ್ಮಲ್ಲಿ ಮಾತು ನಡೆಯುತ್ತಿದೆಯಂತೆ. ಮುನಿಯಪ್ಪನವರೇ, ನಿಲ್ಲಿಸಬೇಡಿ. ನಾಳೆ ನಿಮ್ಮ ಮನೆಯವರ ಕಾಲು ಎಲ್ಲರದ್ದಕ್ಕಿಂತ ಕೆಟ್ಟಿದ್ದರೆ ಅವರನ್ನೇ ಮೊದಲು ಕರೆಯಲಿ, ನನ್ನ ಮಗ ಹೊರಗೆ ಕಾಯಲಿ. ನಾನು ಅವನಿಗೆ ಹೇಳುತ್ತೇನೆ.

ಚಂದಾ ಕೊಟ್ಟವರ ಮಾತು ಮಾತ್ರ ಸಭೆಯಲ್ಲಿ ನಡೆಯುವುದು ಅಂತ ಕೇಳಿದೆ. ನಮ್ಮ ಮನೆಯ ಚಂದಾ ಒಂದು ಹೆಬ್ಬೆರಳು. ನನ್ನ ಮಾತನ್ನು ಲೆಕ್ಕಕ್ಕೆ ಹಿಡಿಯಿರಿ.

ಪೂವಕ್ಕ